ಕಾದಂಬರಿಯ ಪಕ್ಕದಲ್ಲಿ ಒಂದು ಲೆಕ್ಕದ ಪುಸ್ತಕ

ಆಧುನಿಕ ಬ್ರಿಟಿಷ್ ಸಾಹಿತ್ಯ ಓದಲು ಹೊರಟವರಿಗೆ ನಮ್ಮಲ್ಲಿ ಮೊದಲು ಸಿಗುವುದು 'ಹಿನ್ನೆಲೆ' ಎಂಬ ಪಾಠ. ಮಹಾಯುದ್ಧ, ಆರ್ಥಿಕ ಕುಸಿತ, ಹೆಂಗಸರಿಗೆ ಮತದಾನದ ಹಕ್ಕು, ಎಲ್ಲವೂ ಎರಡು ಪುಟದಲ್ಲಿ ಮುಗಿಯುತ್ತದೆ. ಆಮೇಲೆ ಕಾದಂಬರಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಪರೀಕ್ಷೆಗೆ ಅಷ್ಟು ಸಾಕು, ನನಗೆ ಸಾಲಲಿಲ್ಲ. ಅದಕ್ಕೇ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಕತೆಯಲ್ಲಿ ದುಡ್ಡಿನ ಮಾತು ಬಂದಲ್ಲೆಲ್ಲ ಬರೆದುಕೊಳ್ಳುವುದು: ಯಾರು ಕೊಟ್ಟರು, ಯಾರಿಗೆ, ಎಷ್ಟು.

ಮೊದಲು ಹಿಡಿದದ್ದು ವಾಲ್ಟರ್ ಗ್ರೀನ್‌ವುಡ್‌ನ 'ಲವ್ ಆನ್ ದ ಡೋಲ್' ಕಾದಂಬರಿ, 1933ರದು. ಡೋಲ್ ಅಂದರೆ ನಿರುದ್ಯೋಗ ಭತ್ಯೆ. ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್ ಅವನ ಹುಟ್ಟೂರು. ಕತೆಯೂ ಅಲ್ಲಿನದೇ, ಹ್ಯಾಂಕಿ ಪಾರ್ಕ್ ಎಂಬ ಕೂಲಿಕಾರರ ಕೇರಿಯದು. ಸೋಮವಾರ ಬೆಳಗ್ಗೆ ಹೆಂಗಸರು ಬಟ್ಟೆ ಗಂಟು ಹಿಡಿದು ಗಿರವಿ ಅಂಗಡಿ ಮುಂದೆ ನಿಲ್ಲುತ್ತಾರೆ. ಗಂಡ ಭಾನುವಾರ ಹಾಕಿಕೊಂಡ ಸೂಟು ಆ ಗಂಟಿನಲ್ಲಿ. ವಾರದ ಕೂಲಿ ಬಂದ ಮೇಲೆ ಬಿಡಿಸಿಕೊಳ್ಳುವುದು, ಸೋಮವಾರ ಮತ್ತೆ ಅಡ ಇಡುವುದು. ಬಡ್ಡಿ ಮಾತ್ರ ವಾರವಾರವೂ ಹೋಗುತ್ತಲೇ ಇರುತ್ತದೆ.

ಹ್ಯಾರಿ ಎಂಬ ಹುಡುಗ ಕಾರ್ಖಾನೆಯಲ್ಲಿ ಅಪ್ರೆಂಟಿಸ್. ಪೂರ್ತಿ ಸಂಬಳ ಕೊಡಬೇಕಾದ ಹೊತ್ತಿಗೆ ಅವನನ್ನು ಹೊರಗೆ ಹಾಕುತ್ತಾರೆ, ಆ ಜಾಗಕ್ಕೆ ಅಗ್ಗದ ಹೊಸ ಹುಡುಗರು ಬರುತ್ತಾರೆ. ಉಳಿದದ್ದು ಸರ್ಕಾರದ ನಿರುದ್ಯೋಗ ಭತ್ಯೆ. ಅದೂ ನಿಂತುಹೋಗುತ್ತದೆ. ಮನೆಯಲ್ಲಿ ಅಕ್ಕ ಸ್ಯಾಲಿ ದುಡಿಯುತ್ತಾಳಲ್ಲ, ಅದಕ್ಕೆ!

ಇಲ್ಲಿಗೆ ಬಂದಾಗ ಕಾದಂಬರಿ ಪಕ್ಕಕ್ಕಿಟ್ಟು ಕಾನೂನು ಹುಡುಕಿದೆ. 1931ರಲ್ಲಿ ಸರ್ಕಾರ ಭತ್ಯೆಯನ್ನು ಶೇ. 10ರಷ್ಟು ಕಡಿತ ಮಾಡಿತು. ಗಂಡಸಿಗೆ ವಾರಕ್ಕೆ 17 ಶಿಲಿಂಗ್ ಇದ್ದದ್ದು 15 ಶಿಲಿಂಗ್ 3 ಪೆನ್ಸ್ ಆಯಿತು. ಭತ್ಯೆ ಪಡೆದು 26 ವಾರ ಮೀರಿದವರಿಗೆ 'ಮೀನ್ಸ್ ಟೆಸ್ಟ್' ಬಂತು. ಅಂದರೆ ಇಡೀ ಮನೆಯ ಆದಾಯ ನೋಡಿ ಕೊಡುವುದು. ವಿಚಾರಣೆಗೆ ಅಧಿಕಾರಿ ಮನೆಗೇ ಬರುತ್ತಿದ್ದ. ಅಪ್ಪನ ಭತ್ಯೆ ಉಳಿಯಲಿ ಎಂದು ದುಡಿಯುವ ಮಕ್ಕಳು ಮನೆ ಬಿಟ್ಟು ಬೇರೆ ಕಡೆ ಇದ್ದದ್ದೂ ಉಂಟು. ಪಾರ್ಲಿಮೆಂಟಿನ ಚರ್ಚೆಗಳು ಹ್ಯಾನ್ಸಾರ್ಡ್ ಎಂಬ ಅಧಿಕೃತ ವರದಿಯಲ್ಲಿ ಪುಕ್ಕಟೆ ಸಿಗುತ್ತವೆ. ಓದಲು ಬೇಜಾರೇ, ಸುಳ್ಳು ಹೇಳುವುದಿಲ್ಲ. ಆದರೂ ಓದಿ. ಅಲ್ಲಿ ಬರೀ 'ಕುಟುಂಬದ ಆದಾಯ' ಎಂದಿರುವುದು, ಕಾದಂಬರಿಯಲ್ಲಿ ಮಗಳ ದುಡ್ಡಿನಲ್ಲಿ ಉಣ್ಣಬೇಕಾದ ಅಪ್ಪನ ಅವಮಾನವಾಗಿ ಕಾಣುತ್ತದೆ.

ಹಾಗಂತ ಕಾದಂಬರಿಯನ್ನೇ ದಾಖಲೆ ಅಂದುಕೊಳ್ಳಬಾರದು. 1931ರ ಅಕ್ಟೋಬರ್ 1ರಂದು ಸಾಲ್ಫರ್ಡ್‌ನ ಬೆಕ್ಸ್‌ಲಿ ಸ್ಕ್ವೇರ್‌ನಲ್ಲಿ ನಿರುದ್ಯೋಗಿಗಳ ಮೆರವಣಿಗೆ ಮೇಲೆ ಪೊಲೀಸರು ಲಾಠಿ ಬೀಸಿದ್ದು ನಿಜ. ಕತೆಯಲ್ಲೂ ಅಂಥದ್ದೇ ಮೆರವಣಿಗೆ ಇದೆ. ಅದರ ನಂತರ ಸ್ಯಾಲಿ ಮದುವೆಯಾಗಬೇಕಿದ್ದ ಲ್ಯಾರಿ ಸಾಯುತ್ತಾನೆ. ಆ ಸಾವು ಕತೆಗಾರನ ತೀರ್ಮಾನ. ಲ್ಯಾರಿ ಸಮಾಜವಾದಿ. ಅವನು ಹೋದ ಮೇಲೆ ಸ್ಯಾಲಿ ಮುಂದೆ ಉಳಿಯುವುದು ಜೂಜಿನ ಸಾಹುಕಾರ ಸ್ಯಾಮ್ ಗ್ರಂಡಿಯೊಬ್ಬನೇ. ಅವಳು ಅವನ ಜೊತೆ ಹೋದದ್ದರಿಂದಲೇ ಅಪ್ಪನಿಗೂ ತಮ್ಮನಿಗೂ ಕೆಲಸ ಸಿಗುತ್ತದೆ. ದಾಖಲೆ ಪಕ್ಕದಲ್ಲಿದ್ದರೆ ಲೇಖಕ ಎಲ್ಲಿ ಕತೆಯನ್ನು ಬಗ್ಗಿಸಿದ, ಯಾಕೆ ಎಂದು ಕೇಳಬಹುದು. ನನಗೆ ಜಾಸ್ತಿ ಇಷ್ಟವಾದ ಕೆಲಸ ಇದೇ.

ಅದೇ ನೋಟ್‌ಬುಕ್ ಹಿಡಿದು ವರ್ಜೀನಿಯಾ ವುಲ್ಫ್ ಓದಿದೆ. ಹೆಂಗಸು ಬರೆಯಬೇಕಾದರೆ ಸ್ವಂತ ಕೋಣೆ ಬೇಕು, ವರ್ಷಕ್ಕೆ 500 ಪೌಂಡ್ ಬೇಕು ಎಂದು 1929ರಲ್ಲಿ ಅವಳು ಬರೆದಳು. ಆಗ ಪೌಂಡಿಗೆ 20 ಶಿಲಿಂಗ್. ವಾರಕ್ಕೆ 15 ಶಿಲಿಂಗ್ 3 ಪೆನ್ಸ್ ಅಂದರೆ ವರ್ಷಕ್ಕೆ 40 ಪೌಂಡೂ ಆಗುವುದಿಲ್ಲ! ವುಲ್ಫ್ ಹೇಳಿದ್ದು ಸುಳ್ಳಲ್ಲ. ಆದರೆ ಯಾವ ಹೆಂಗಸಿನ ಬಗ್ಗೆ ಹೇಳುತ್ತಿದ್ದಾಳೆ ಎಂಬುದು ಈ ಲೆಕ್ಕದಲ್ಲಿ ಗೊತ್ತಾಗುತ್ತದೆ, ಅಲ್ವಾ?

ಇಸವಿಗಳನ್ನೂ ಅಕ್ಕಪಕ್ಕ ಬರೆದುಕೊಳ್ಳುತ್ತೇನೆ. ಗ್ರೀನ್‌ವುಡ್‌ನ ಕತೆಯನ್ನು ಸಿನಿಮಾ ಮಾಡಲು 1936ರಲ್ಲಿ ಬ್ರಿಟನ್ನಿನ ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. ಸಿನಿಮಾ ಬಂದದ್ದು 1941ರಲ್ಲಿ, ಯುದ್ಧದ ನಡುವೆ. ಇಡೀ ಮನೆಯ ಆದಾಯ ಲೆಕ್ಕ ಹಾಕುವ ಮೀನ್ಸ್ ಟೆಸ್ಟನ್ನು ಕಾನೂನು ತೆಗೆದುಹಾಕಿದ್ದೂ 1941ರಲ್ಲೇ. ಒಂದರಿಂದ ಇನ್ನೊಂದು ಆಯಿತು ಎನ್ನುತ್ತಿಲ್ಲ. ಯುದ್ಧಕ್ಕೆ ಅದೇ ಕೂಲಿಕಾರರು ಬೇಕಾಗಿದ್ದರು, ಅದನ್ನೂ ಪಕ್ಕದಲ್ಲಿ ಬರೆದಿಟ್ಟಿದ್ದೇನೆ.