ಕೆಮ್ಮು ನಿಂತ ಮೇಲೂ ಸವಾರಿ ಬೇಡ

ನಮ್ಮ ಲಾಯದಲ್ಲಿ ಬೆಳಗ್ಗೆ ಹುಲ್ಲು ಹಾಕುವ ಮೊದಲೇ ಥರ್ಮಾಮೀಟರ್ ಹಿಡಿಯುತ್ತೇವೆ. ಕುದುರೆಯ ಮೈಬಿಸಿ ಸಾಮಾನ್ಯವಾಗಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಫ್ಲೂ ತಗುಲಿದರೆ ಒಂದರಿಂದ ಮೂರು ದಿನದಲ್ಲೇ 40 ದಾಟಬಹುದು. ಜ್ವರ ಕಂಡ ಕುದುರೆಯನ್ನು ದೂರದ ಕೊಠಡಿಯಲ್ಲಿ ಕಟ್ಟಿಸುತ್ತೇನೆ. ಬಕೆಟ್, ಬ್ರಷ್, ನೋಡಿಕೊಳ್ಳುವ ಸೈಸ್ ಎಲ್ಲ ಬೇರೆ. ಮೂಗಿನ ಸ್ವ್ಯಾಬನ್ನೂ ಅವತ್ತೇ ತೆಗೆಸುತ್ತೇನೆ, ತಡವಾದರೆ ವೈರಸ್ ಸಿಗುವುದಿಲ್ಲ.

ಆ ಜ್ವರ ಏರಿಸುವುದು ಕುದುರೆಯ ಮೈಯೇ. ಸೋಂಕು ತಗುಲಿದ ಜೀವಕೋಶಗಳು ಇಂಟರ್‌ಫೆರಾನ್ ಎಂಬ ಪ್ರೋಟೀನ್ ಬಿಟ್ಟು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತವೆ. ಆಗ ರಕ್ತದಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಕಡಿಮೆ ಆಗುತ್ತದೆ. ರಿಪೋರ್ಟ್ ನೋಡಿ ಮಾಲೀಕರು ಗಾಬರಿಯಾಗುತ್ತಾರೆ, ವೈರಸ್ ಜ್ವರದಲ್ಲಿ ಅದು ಮಾಮೂಲು. ವೈರಸ್ ವಿರುದ್ಧ ಮೈ ತಯಾರಿಸುವ ಆಂಟಿಬಾಡಿ ಏರಲು ವಾರವಾದರೂ ಬೇಕು. ಅದಕ್ಕೇ ಡಾಕ್ಟರು ಎರಡು ವಾರ ಬಿಟ್ಟು ಮತ್ತೆ ರಕ್ತ ತೆಗೆದು ಹೋಲಿಸುತ್ತಾರೆ. ಪ್ರಮಾಣ ನಾಲ್ಕು ಪಟ್ಟು ಏರಿದ್ದರೆ ಹೊಸ ಸೋಂಕು ಅಂತ ಅರ್ಥ.

ಜಗಳ ಶುರುವಾಗುವುದು ಇದಾದ ಮೇಲೆ. ಜ್ವರ ಇಳಿದು ಕುದುರೆ ಹುರುಳಿ ತಿನ್ನತೊಡಗಿದರೆ ಸಾಕು, "ಇನ್ನೇನು, ಸವಾರಿ ಮಾಡಬಹುದಲ್ವಾ?" ಅಂತ ಫೋನ್ ಬರುತ್ತದೆ. ಆದರೆ ಫ್ಲೂ ವೈರಸ್ ಶ್ವಾಸನಾಳದ ಒಳಪದರವನ್ನೇ ಕಿತ್ತಿರುತ್ತದೆ. ಧೂಳು, ಬ್ಯಾಕ್ಟೀರಿಯಾ ಎಲ್ಲವನ್ನೂ ಮೇಲಕ್ಕೆ ಗುಡಿಸಿ ಹೊರಗೆ ಹಾಕುವ ಸಣ್ಣ ಕೂದಲುಗಳು ಆ ಪದರದಲ್ಲೇ ಇರುವುದು. ಅವು ಮತ್ತೆ ಬೆಳೆಯಲು ಮೂರು ವಾರ ಬೇಕು. ಅಷ್ಟರಲ್ಲಿ ಓಡಿಸಿದರೆ ನ್ಯುಮೋನಿಯಾ. ಹಾಗಾಗಿ ಜ್ವರದ ಒಂದೊಂದು ದಿನಕ್ಕೂ ಒಂದು ವಾರ ರಜೆ ಕೊಡುತ್ತೇನೆ. ಹಗ್ಗ ಹಿಡಿದು ನಿಧಾನವಾಗಿ ನಡೆಸುವುದಷ್ಟೇ. ಧೂಳು ಏಳದಂತೆ ಹುಲ್ಲನ್ನು ನೆನೆಸಿಯೇ ಹಾಕುತ್ತೇವೆ. ಜ್ವರ ಇಳಿಸುವ ಔಷಧಿ ಕೊಟ್ಟು ಕೆಲಸಕ್ಕೆ ಇಳಿಸುವುದು ನನಗೆ ಸುತರಾಂ ಇಷ್ಟವಿಲ್ಲ. ಅಂಕಿ ಇಳಿಯುತ್ತದೆ, ಶ್ವಾಸನಾಳ ಹಾಗೇ ಇರುತ್ತದೆ.

2008ರಲ್ಲಿ ಜಮ್ಮು ಕಡೆ ಕಾಣಿಸಿಕೊಂಡ ಎಚ್3ಎನ್8 ಎಂಬ ತಳಿಯ ಕುದುರೆ ಫ್ಲೂ ಮೈಸೂರಿನವರೆಗೂ ಬಂದಿತ್ತು. ನಾವು ಲಸಿಕೆ ತಪ್ಪಿಸುವುದಿಲ್ಲ. ಮೊದಲ ಡೋಸ್, ನಾಲ್ಕರಿಂದ ಆರು ವಾರಕ್ಕೆ ಎರಡನೆಯದು, ಐದಾರು ತಿಂಗಳಿಗೆ ಮೂರನೆಯದು, ಆಮೇಲೆ ಆರಾರು ತಿಂಗಳಿಗೆ ಬೂಸ್ಟರ್. ಮರಿಗಳಿಗೆ ಮಾತ್ರ ಆರು ತಿಂಗಳು ತುಂಬುವವರೆಗೆ ಕಾಯುತ್ತೇವೆ. ಗಿಣ್ಣುಹಾಲಿನಲ್ಲಿ ಬಂದ ತಾಯಿಯ ಆಂಟಿಬಾಡಿ ರಕ್ತದಲ್ಲಿ ಇರುವಷ್ಟು ದಿನ ಲಸಿಕೆ ಸರಿಯಾಗಿ ಹತ್ತುವುದಿಲ್ಲ.