ಸ್ಪೀಕರ್‌ಗಳನ್ನು ದೂರ ಇಡಿ, ಆಮೇಲೆ ಬಟನ್ ಮುಟ್ಟಿ: ಮನೆಯ ಸ್ಟೀರಿಯೊ ಸೆಟ್ ಜೋಡಿಸುವುದು ಹೇಗೆ?

ಹೊಸ ಸ್ಟೀರಿಯೊ ಸೆಟ್ ಮನೆಗೆ ಬಂದಾಗ ಹೆಚ್ಚಿನವರು ಮಾಡುವುದು ಇಷ್ಟೇ. ಡಬ್ಬ ಬಿಚ್ಚುತ್ತಾರೆ. ಶೋಕೇಸಿನ ಮೇಲೆ ಯಂತ್ರ ಇಡುತ್ತಾರೆ. ಅದರ ಎಡಕ್ಕೊಂದು ಬಲಕ್ಕೊಂದು ಸ್ಪೀಕರ್ ಒತ್ತಿ ನಿಲ್ಲಿಸಿ, ಪ್ಲಗ್ ಸಿಕ್ಕಿಸಿ ವಾಲ್ಯೂಮ್ ಏರಿಸುತ್ತಾರೆ. ಡಬ್ಬದ ಮೇಲಿನ ಚಿತ್ರದಲ್ಲೂ ಹಾಗೇ ಇರುತ್ತದೆ, ಅಲ್ವಾ? ಹಾಡೇನೋ ಕೇಳಿಸುತ್ತದೆ. ಆದರೆ ಎರಡು ಸ್ಪೀಕರ್ ಕೊಟ್ಟಿರುವ ಉದ್ದೇಶವೇ ಅಲ್ಲಿಗೆ ಹಾಳಾಗುತ್ತದೆ. ಆಮೇಲೆ ‘ಬೇಸ್ ಸಾಲದು’, ‘ದನಿ ಸ್ಪಷ್ಟ ಇಲ್ಲ’ ಅಂತ ರಿಮೋಟ್ ಹಿಡಿದು ಒಂದೊಂದೇ ಬಟನ್ ಒತ್ತುತ್ತಾ ಕೂರುವುದು ಶುರುವಾಗುತ್ತದೆ.

ಬಟನ್‌ಗಳ ಕೆಲಸ ಕೊನೆಗೆ. ಮೊದಲು ಜಾಗ, ಆಮೇಲೆ ವೈರು.

ಡಬ್ಬ ಬಿಚ್ಚುವಾಗ

ಒಳಗೆ ಸಾಮಾನ್ಯವಾಗಿ ಮುಖ್ಯ ಯಂತ್ರ, ಎರಡು ಸ್ಪೀಕರ್, ರಿಮೋಟ್, ರೇಡಿಯೊಗೆ ಬೇಕಾದ ಆಂಟೆನಾ ವೈರು ಇರುತ್ತವೆ. ಸ್ಪೀಕರ್ ವೈರು ಕೆಲವು ಸೆಟ್‌ಗಳಲ್ಲಿ ಬೇರೆಯಾಗಿ ಬರುತ್ತದೆ, ಕೆಲವದರಲ್ಲಿ ಸ್ಪೀಕರಿಗೇ ಸೇರಿಕೊಂಡಿರುತ್ತದೆ. ಸಿ.ಡಿ. ಹಾಕುವ ಟ್ರೇ ಅಲುಗಾಡದಂತೆ ಟೇಪೋ ರಟ್ಟಿನ ತುಂಡೋ ಇಟ್ಟಿದ್ದರೆ ಅದನ್ನು ಮೊದಲೇ ತೆಗೆಯಿರಿ. ಡಬ್ಬ ಮತ್ತು ಥರ್ಮಾಕೋಲ್ ಒಂದಷ್ಟು ದಿನ ಅಟ್ಟದ ಮೇಲಿರಲಿ. ವಾಪಸ್ ಕೊಡಬೇಕಾಗಿ ಬಂದರೆ ಬೇಕಾಗುತ್ತದೆ.

ಯಂತ್ರದ ಬೆನ್ನಿಗೆ ಅಂಟಿಸಿರುವ ಚೀಟಿಯನ್ನು ಒಮ್ಮೆ ಓದಿ. ಎಷ್ಟು ವೋಲ್ಟ್ ಎಂದು ಅಲ್ಲಿ ಬರೆದಿರುತ್ತದೆ. ಬೇರೆ ದೇಶದಿಂದ ಯಾರಾದರೂ ತಂದುಕೊಟ್ಟ ಸೆಟ್ ಆಗಿದ್ದರಂತೂ ಓದಲೇಬೇಕು. 110–120 ವೋಲ್ಟಿನ ಯಂತ್ರವನ್ನು 220–240 ವೋಲ್ಟಿನ ಪ್ಲಗ್ಗಿಗೆ ಹಾಕಿದರೆ ಹಾಡು ಬರುವ ಮೊದಲೇ ಹೊಗೆ ಬರಬಹುದು. ಕೆಲವು ಸೆಟ್‌ಗಳ ಹಿಂದೆ ವೋಲ್ಟೇಜ್ ಬದಲಿಸುವ ಸಣ್ಣ ಸ್ವಿಚ್ ಇರುತ್ತದೆ, ಅದು ಎಲ್ಲಿದೆ ನೋಡಿ ಸರಿಮಾಡಿಕೊಳ್ಳಿ.

ಪ್ಲಗ್ ಮಾತ್ರ ಈಗಲೇ ಹಾಕಬೇಡಿ. ಎಲ್ಲ ವೈರು ಜೋಡಿಸಿ ಮುಗಿದ ಮೇಲೆ ಕಟ್ಟಕಡೆಗೆ ಅದು.

ಸ್ಪೀಕರ್ ಎಲ್ಲಿಡಬೇಕು?

ಸ್ಟೀರಿಯೊ ಎಂದರೆ ಎಡಕ್ಕೊಂದು ದನಿ, ಬಲಕ್ಕೊಂದು ದನಿ. ಹಾಡುವವರು ನಡುವೆ ನಿಂತ ಹಾಗೆ, ಗಿಟಾರ್ ಒಂದು ಕಡೆ, ತಬಲಾ ಇನ್ನೊಂದು ಕಡೆ ಇದ್ದ ಹಾಗೆ ಅನ್ನಿಸುವುದು ಈ ಎರಡು ದನಿಗಳ ನಡುವಿನ ಸಣ್ಣ ವ್ಯತ್ಯಾಸದಿಂದ. ಸ್ಪೀಕರ್‌ಗಳು ಅಕ್ಕಪಕ್ಕದಲ್ಲೇ ಇದ್ದರೆ ಎರಡೂ ಬೆರೆತು ಒಂದೇ ಕಡೆಯಿಂದ ಬಂದಂತಾಗುತ್ತದೆ.

ಲೆಕ್ಕ ಸುಲಭ. ನೀವು ಕೂರುವ ಜಾಗ, ಎಡ ಸ್ಪೀಕರ್, ಬಲ ಸ್ಪೀಕರ್ ಈ ಮೂರೂ ಸೇರಿ ಸಮ ತ್ರಿಕೋನ ಆಗಬೇಕು. ನೀವು ಎರಡು ಮೀಟರ್ ದೂರ ಕೂರುವುದಾದರೆ ಸ್ಪೀಕರ್‌ಗಳ ನಡುವೆಯೂ ಸುಮಾರು ಎರಡು ಮೀಟರ್ ಇರಲಿ. ಟೇಪ್ ಹಿಡಿದು ಅಳೆಯುವುದೇನೂ ಬೇಡ. ಜಾಗ ಸಾಲದಿದ್ದರೆ ಒಂದು ಮೀಟರ್ ಆದರೂ ಬಿಡಿ, ಆಗಲೂ ವ್ಯತ್ಯಾಸ ಕಿವಿಗೆ ತಿಳಿಯುತ್ತದೆ. ಎರಡರ ಮುಖವನ್ನೂ ನೀವು ಕೂರುವ ಕಡೆಗೆ ಸ್ವಲ್ಪ ತಿರುಗಿಸಿ.

ಎತ್ತರವೂ ಮುಖ್ಯ. ಸ್ಪೀಕರಿನಲ್ಲಿ ಎರಡು ಗುಂಡನೆಯ ಭಾಗ ಇದ್ದರೆ ಚಿಕ್ಕದು ಟ್ವೀಟರ್. ತೆಳು ದನಿಗಳು, ‘ಸ’, ‘ಶ’ ಅಕ್ಷರಗಳ ಚೂಪು, ತಾಳದ ಕಿಣಿಕಿಣಿ ಎಲ್ಲ ಬರುವುದು ಅದರಿಂದ. ಈ ದನಿ ನೇರವಾಗಿ ಹೋಗುತ್ತದೆ, ಹೆಚ್ಚು ಹರಡುವುದಿಲ್ಲ. ಹಾಗಾಗಿ ಕೂತಾಗ ನಿಮ್ಮ ಕಿವಿ ಎಷ್ಟು ಎತ್ತರದಲ್ಲಿರುತ್ತದೋ ಟ್ವೀಟರ್ ಕೂಡ ಹೆಚ್ಚು ಕಡಿಮೆ ಅಷ್ಟೇ ಎತ್ತರದಲ್ಲಿರಲಿ. ಸ್ಪೀಕರ್ ನೆಲದ ಮೇಲಿಟ್ಟರೆ ಟ್ವೀಟರ್ ನಿಮ್ಮ ಮೊಣಕಾಲಿಗೆ ಹಾಡು ಹೇಳುತ್ತದೆ. ಬೀರುವಿನ ಮೇಲಿಟ್ಟರೆ ಫ್ಯಾನಿಗೆ.

ಗೋಡೆಗೆ ಹತ್ತಿರ ಹೋದಷ್ಟೂ ಬೇಸ್ ಜಾಸ್ತಿಯಾಗುತ್ತದೆ. ಮೂಲೆಯಲ್ಲಿ ಇಟ್ಟರೆ ಇನ್ನೂ ಜಾಸ್ತಿ, ಯಾಕೆಂದರೆ ಅಲ್ಲಿ ಎರಡು ಗೋಡೆಯಿಂದಲೂ ದನಿ ಹಿಂದಕ್ಕೆ ಬರುತ್ತದೆ. ಕೆಲವರಿಗೆ ಅದೇ ಇಷ್ಟ. ಆದರೆ ಸ್ವಲ್ಪ ಹೊತ್ತಿಗೆ ಎಲ್ಲ ಹಾಡೂ ಒಂದೇ ಥರ ಗುಂಯ್‌ಗುಡಲು ಶುರುವಾಗುತ್ತದೆ, ಮಾತು ಅರ್ಥವಾಗುವುದಿಲ್ಲ. ಗೋಡೆಯಿಂದ 20–30 ಸೆಂಟಿಮೀಟರ್ ಮುಂದಿಟ್ಟು ಕೇಳಿ, ಬೇಕಾದರೆ ಆಮೇಲೆ ಹಿಂದಕ್ಕೆ ತಳ್ಳಿ. ಸ್ಪೀಕರಿನ ಬೆನ್ನಿಗೆ ದುಂಡು ತೂತು ಇದ್ದರೆ ಅದು ಬೇಸ್ ಹೊರಬರುವ ದಾರಿ. ಅದನ್ನು ಗೋಡೆಗೆ ಒತ್ತಿಟ್ಟು ಮುಚ್ಚಬೇಡಿ. ಸ್ಪೀಕರ್ ಕೆಳಗೆ ಸಣ್ಣ ರಬ್ಬರ್ ತುಂಡುಗಳನ್ನಿಟ್ಟರೆ ಶೆಲ್ಫಿನ ಗಾಜು, ಪಾತ್ರೆ ಪಗಡೆ ಗಡಗಡ ಅನ್ನುವುದು ಕಡಿಮೆಯಾಗುತ್ತದೆ.

ವೈರಿನ ಕೆಲಸ

ಇಲ್ಲಿ ಅವಸರ ಬೇಡ. ಸ್ಪೀಕರ್ ವೈರು ಜೋಡಿ ಎಳೆಯದ್ದು. ಒಂದು ಎಳೆ ಕೆಂಪು, ಇನ್ನೊಂದು ಕಪ್ಪು ಇರಬಹುದು. ಅಥವಾ ಎರಡೂ ಒಂದೇ ಬಣ್ಣದ್ದಾಗಿದ್ದು ಒಂದರ ಉದ್ದಕ್ಕೂ ಗೆರೆ ಇರಬಹುದು. ಯಂತ್ರದ ಹಿಂದೆ, ಸ್ಪೀಕರ್ ಹಿಂದೆ ಎರಡೂ ಕಡೆ ಕೆಂಪು ಕಪ್ಪು ಒತ್ತುಕ್ಲಿಪ್ ಇರುತ್ತವೆ. ಕೆಂಪು ಎಂದರೆ ಪ್ಲಸ್, ಕಪ್ಪು ಎಂದರೆ ಮೈನಸ್.

ವೈರಿನ ತುದಿಯಲ್ಲಿ ಒಂದು ಸೆಂಟಿಮೀಟರಿನಷ್ಟು ಪ್ಲಾಸ್ಟಿಕ್ ಸುಲಿಯಿರಿ. ಒಳಗಿನ ತಾಮ್ರದ ಎಳೆಗಳನ್ನು ಬೆರಳಲ್ಲಿ ಒಂದೇ ಕಡೆಗೆ ಬಿಗಿಯಾಗಿ ಹೊಸೆಯಿರಿ. ಕ್ಲಿಪ್ ಒತ್ತಿ ಹಿಡಿದು ತಾಮ್ರವನ್ನು ತೂತಿಗೆ ತೂರಿಸಿ, ಕ್ಲಿಪ್ ಬಿಡಿ. ಆಮೇಲೆ ಮೆಲ್ಲಗೆ ಎಳೆದು ನೋಡಿ, ಕಳಚಿ ಬರಬಾರದು. ಕ್ಲಿಪ್ ಕಚ್ಚಿಕೊಳ್ಳಬೇಕಾದದ್ದು ತಾಮ್ರವನ್ನು. ಪ್ಲಾಸ್ಟಿಕ್ಕನ್ನು ಕಚ್ಚಿಕೊಂಡರೆ ದನಿಯೇ ಬರುವುದಿಲ್ಲ, ಇಲ್ಲವೇ ಬಂದು ಬಂದು ಹೋಗುತ್ತದೆ. ಇನ್ನೊಂದು ಎಚ್ಚರಿಕೆ: ಹೊಸೆಯದೇ ಬಿಟ್ಟ ಒಂದೇ ಒಂದು ಕೂದಲೆಳೆ ತಾಮ್ರ ಪಕ್ಕದ ಕ್ಲಿಪ್ಪಿಗೆ ತಾಗಿದರೆ ಸಾಕು, ಶಾರ್ಟ್ ಆಗುತ್ತದೆ. ಎಷ್ಟೋ ಯಂತ್ರಗಳು ಆಗ ತಮ್ಮನ್ನು ಉಳಿಸಿಕೊಳ್ಳಲು ತಾವೇ ಆಫ್ ಆಗುತ್ತವೆ, ಪರದೆಯ ಮೇಲೆ ‘ಪ್ರೊಟೆಕ್ಟ್’ ಅಂತಲೋ ಇನ್ನೇನೋ ಬರುತ್ತದೆ. ಎಲ್ಲ ಯಂತ್ರವೂ ಇಷ್ಟು ಜಾಣ ಅಲ್ಲ.

ಎಡ ಸ್ಪೀಕರಿಗೆ ಹೋಗುವ ವೈರು, ಬಲ ಸ್ಪೀಕರಿಗೆ ಹೋಗುವ ವೈರು ಎರಡೂ ಒಂದೇ ಉದ್ದ ಇರಬೇಕು ಅಂತ ಕೆಲವರು ಹೇಳುತ್ತಾರೆ. ಮನೆಯೊಳಗಿನ ದೂರಕ್ಕೆ ಅದೇನೂ ಬೇಡ. ವಿದ್ಯುತ್ತಿನ ವೇಗಕ್ಕೆ ಒಂದೆರಡು ಮೀಟರ್ ಯಾವ ಲೆಕ್ಕ? ಡಬ್ಬದಲ್ಲಿ ಬಂದ ವೈರು ಸಾಲದಿದ್ದರೆ ಸ್ವಲ್ಪ ದಪ್ಪದ್ದು ತಂದು ಹಾಕಿ. ವೈರು ಗಿಡ್ಡ ಅಂತ ಸ್ಪೀಕರ್‌ಗಳನ್ನು ಹತ್ತಿರ ಎಳೆದುಕೊಳ್ಳುವುದು ಬೇಡ. ಸೆಟ್‌ನ ಸ್ಪೀಕರ್ ಬದಲಿಸುವ ಆಲೋಚನೆ ಇದ್ದರೆ ಮಾತ್ರ ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಎಷ್ಟು ನೋಡಿ. ಯಂತ್ರದ ಹಿಂದೆ 6 ಓಮ್ ಎಂದಿದ್ದರೆ 6 ಅಥವಾ ಅದಕ್ಕಿಂತ ಹೆಚ್ಚಿನದು ಹಾಕಬಹುದು. ಕಡಿಮೆ ಹಾಕಿದರೆ ಯಂತ್ರ ಬಿಸಿಯಾಗುತ್ತದೆ.

ಈಗ ಪರೀಕ್ಷೆ. ಒಬ್ಬರೇ ಹಾಡಿರುವ ಹಾಡು ಹಾಕಿ, ತ್ರಿಕೋನದ ತುದಿಯಲ್ಲಿ ಕೂತು ಕಣ್ಣು ಮುಚ್ಚಿ. ಹಾಡುವವರ ದನಿ ಎರಡು ಸ್ಪೀಕರ್‌ಗಳ ಸರಿ ನಡುವಿನಿಂದ, ಏನೂ ಇಲ್ಲದ ಜಾಗದಿಂದ ಬರಬೇಕು. ಹಾಗಲ್ಲದೆ ದನಿ ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯದಿದ್ದರೆ, ಬೇಸ್ ಟೊಳ್ಳಾಗಿ ಕೇಳಿಸಿದರೆ, ಎಲ್ಲೋ ಒಂದು ಕಡೆ ಕೆಂಪು ಕಪ್ಪು ಅದಲು ಬದಲಾಗಿದೆ. ಆಗ ಒಂದು ಸ್ಪೀಕರಿನೊಳಗೆ ಅದುರುವ ಪರದೆ ಮುಂದೆ ಬರುವಾಗ ಇನ್ನೊಂದರದ್ದು ಹಿಂದೆ ಹೋಗುತ್ತದೆ. ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಳ್ಳುತ್ತದೆ, ದಪ್ಪ ದನಿಗಳು ಅಲ್ಲೇ ಸತ್ತುಹೋಗುತ್ತವೆ. ಸೆಟ್ ಆಫ್ ಮಾಡಿ, ಯಾವುದಾದರೂ ಒಂದು ಸ್ಪೀಕರಿನ ಎರಡು ಎಳೆಗಳನ್ನು ಮಾತ್ರ ಬದಲಿಸಿ. ಎರಡು ಸ್ಪೀಕರಿನದ್ದೂ ಬದಲಿಸಿದರೆ ಮತ್ತೆ ಮೊದಲಿನ ಕಥೆಯೇ. ಬೇಸ್ ಇಲ್ಲ ಎಂಬ ದೂರು ಈ ಒಂದು ಕೆಲಸದಿಂದಲೇ ಮುಗಿಯುವುದುಂಟು.

ರೇಡಿಯೊ

ಎಫ್.ಎಂ. ಆಂಟೆನಾ ವೈರನ್ನು ಸುರುಳಿ ಸುತ್ತಿ ಯಂತ್ರದ ಹಿಂದೆ ಬಿಡುವವರೇ ಜಾಸ್ತಿ. ಅದನ್ನು ಬಿಚ್ಚಿ ಪೂರ್ತಿ ಉದ್ದಕ್ಕೆ ಚಾಚಬೇಕು. ಎಫ್.ಎಂ. ಅಲೆಯೊಂದರ ಉದ್ದ ಸುಮಾರು 3 ಮೀಟರ್. ‘ಟಿ’ ಆಕಾರದ ಆಂಟೆನಾದ ಎರಡು ತೋಳು ಸೇರಿ ಅದರ ಅರ್ಧದಷ್ಟು, ಅಂದರೆ ಒಂದೂವರೆ ಮೀಟರ್ ಇರುವುದು ಇದಕ್ಕೇ. ತೋಳುಗಳನ್ನು ಗೋಡೆಯ ಮೇಲೆ ಅಡ್ಡಡ್ಡ ಹರಡಿ. ದನಿ ಸ್ಪಷ್ಟವಾಗುವವರೆಗೆ ಜಾಗ ಬದಲಿಸಿ ನೋಡಿ, ಆಮೇಲೆ ಟೇಪ್ ಅಂಟಿಸಿ. ಕಿಟಕಿಯ ಹತ್ತಿರ ಹೆಚ್ಚಾಗಿ ಚೆನ್ನಾಗಿ ಸಿಗುತ್ತದೆ.

ಎಷ್ಟು ಮಾಡಿದರೂ ‘ಶ್’ ಅನ್ನುವ ಸದ್ದು ಹೋಗದಿದ್ದರೆ ರಿಮೋಟಿನಲ್ಲಿ ಮೋನೊ, ಅಂದರೆ ಎರಡು ಸ್ಪೀಕರಿಗೂ ಒಂದೇ ದನಿ ಕೊಡುವ ಬಟನ್ ಇದೆಯಾ ಹುಡುಕಿ. ಸ್ಟೀರಿಯೊ ಎಫ್.ಎಂ.ಗೆ ಗಟ್ಟಿ ಸಿಗ್ನಲ್ ಬೇಕು, ಮೋನೊಗೆ ಅಷ್ಟು ಬೇಡ. ಸುದ್ದಿ, ಮಾತುಕತೆ ಕೇಳಲು ಮೋನೊ ಆದರೆ ಏನೂ ನಷ್ಟವಿಲ್ಲ. ಎ.ಎಂ.ಗೆ ಕೊಟ್ಟಿರುವ ಚೌಕಟ್ಟಿನಂಥ ಆಂಟೆನಾವನ್ನು ನಿಲ್ಲಿಸಿ ನಿಧಾನಕ್ಕೆ ತಿರುಗಿಸಿ. ಒಂದು ದಿಕ್ಕಿನಲ್ಲಿ ಸ್ಟೇಷನ್ ಥಟ್ಟನೆ ಸ್ಪಷ್ಟವಾಗುತ್ತದೆ. ಕರಕರ ಸದ್ದು ಬರುತ್ತಿದ್ದರೆ ಪಕ್ಕದ ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬು ಆಫ್ ಮಾಡಿ ನೋಡಿ.

ಫೋನು, ಪೆನ್‌ಡ್ರೈವ್, ಆಕ್ಸ್

ಬ್ಲೂಟೂತ್ ಸುಲಭ. ಸೆಟ್ಟಿನಲ್ಲಿ ಪೇರಿಂಗ್ ಒತ್ತಿ, ಫೋನಿನ ಪಟ್ಟಿಯಲ್ಲಿ ಅದರ ಹೆಸರು ಕಂಡಾಗ ಮುಟ್ಟಿದರಾಯಿತು. ಹೆಸರು ಕಾಣದಿದ್ದರೆ ಮನೆಯ ಇನ್ಯಾರದೋ ಫೋನ್ ಮೊದಲೇ ಕನೆಕ್ಟ್ ಆಗಿರುವ ಸಾಧ್ಯತೆ ಇದೆ, ಅದನ್ನು ಬಿಡಿಸಿ. ಮೈಕ್ರೋವೇವ್ ಓಡುವಾಗ ಹಾಡು ತುಂಡು ತುಂಡಾದರೆ ಗಾಬರಿ ಬೇಡ. ಅದೂ ಬ್ಲೂಟೂತೂ ಬಳಸುವುದು 2.4 ಗಿಗಾಹರ್ಟ್ಸ್ ಆಸುಪಾಸಿನ ಅಲೆಗಳನ್ನೇ.

ಬ್ಲೂಟೂತಿನಲ್ಲಿ ಅಥವಾ ಫೋನನ್ನು ಸೆಟ್ಟಿಗೆ ಜೋಡಿಸುವ ಆಕ್ಸ್ ವೈರಿನಲ್ಲಿ ಹಾಡು ಹಾಕುವಾಗ ಎರಡು ಕಡೆ ವಾಲ್ಯೂಮ್ ಇರುತ್ತದೆ. ಫೋನಿನದ್ದನ್ನು ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಮೇಲಿಟ್ಟು, ಸೆಟ್ಟಿನದ್ದರಲ್ಲಿ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಫೋನಿನದ್ದನ್ನು ತೀರಾ ತಗ್ಗಿಸಿ ಸೆಟ್ಟಿನದ್ದು ಏರಿಸಿದರೆ ಹಾಡಿನ ಜೊತೆ ಸುಮ್ನೆ ಇರಬೇಕಾದ ಗುಂಯ್ ಸದ್ದೂ ಏರುತ್ತದೆ. ಮೆಲ್ಲಗೆ ಹಾಡು ಕೇಳುತ್ತಿರುವಾಗ ಸೆಟ್ ತಾನಾಗಿಯೇ ಆಫ್ ಆಗುತ್ತಿದ್ದರೆ ಅದು ಕೆಟ್ಟಿಲ್ಲ. ದನಿ ಇಷ್ಟು ಸಣ್ಣಗಿದ್ದರೆ ಯಾರೂ ಕೇಳುತ್ತಿಲ್ಲ ಎಂದುಕೊಂಡು ಕರೆಂಟ್ ಉಳಿಸಲು ಮಲಗಿಬಿಡುತ್ತದೆ. ಆಗಲೂ ಫೋನಿನ ವಾಲ್ಯೂಮ್ ಏರಿಸುವುದೇ ಮದ್ದು. ಮೆನುವಿನಲ್ಲಿ ‘ಆಟೊ ಸ್ಟ್ಯಾಂಡ್‌ಬೈ’ ಇದ್ದರೆ ಅದನ್ನು ತೆಗೆಯಲೂಬಹುದು.

ಪೆನ್‌ಡ್ರೈವ್ ಹಾಕಿದಾಗ ‘ನೋ ಯುಎಸ್‌ಬಿ’ ಎಂದು ಬಂದರೆ ಅದನ್ನು ಕಂಪ್ಯೂಟರಿನಲ್ಲಿ ಫ್ಯಾಟ್‌32 ಎಂಬ ಮಾದರಿಗೆ ಫಾರ್ಮ್ಯಾಟ್ ಮಾಡಿ ನೋಡಿ. ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಹಾಡುಗಳನ್ನು ಮೊದಲು ಬೇರೆ ಕಡೆ ಇಟ್ಟುಕೊಳ್ಳಿ. ಹಳೆಯ ರೆಕಾರ್ಡ್ ಪ್ಲೇಯರನ್ನು ಆಕ್ಸ್‌ಗೆ ಹಾಕಿ ದನಿ ಸೊಳ್ಳೆಯ ಹಾಗೆ ತೆಳ್ಳಗೆ ಬಂತೇ? ಅದಕ್ಕೆ ನಡುವೆ ಫೋನೊ ಪ್ರಿಆಂಪ್ ಎಂಬ ಸಣ್ಣ ಪೆಟ್ಟಿಗೆ ಬೇಕು.

ಈಗ ಬಟನ್‌ಗಳು

ಎಲ್ಲ ಸರಿಯಾದ ಮೇಲೆ ಈಕ್ವಲೈಸರ್. ರಾಕ್, ಪಾಪ್, ಜಾಝ್ ಅಂತ ಹೆಸರು ಹೊತ್ತ ಬಟನ್‌ಗಳು ಹೆಚ್ಚಾಗಿ ಮಾಡುವುದು ಬೇಸನ್ನೂ ಟ್ರೆಬಲನ್ನೂ (ತೆಳು ದನಿಗಳನ್ನು) ಏರಿಳಿಸುವುದಷ್ಟೇ. ಏನನ್ನೂ ಏರಿಳಿಸದ ‘ಫ್ಲ್ಯಾಟ್’ನಲ್ಲಿಟ್ಟು ಒಂದು ವಾರ ಕೇಳಿ. ಬೇಕು ಅನ್ನಿಸಿದರೆ ಆಮೇಲೆ ಒಂದೆರಡು ಹಂತ ಬದಲಿಸಿ. ಬೇಸ್ ಬೂಸ್ಟ್ ಮತ್ತು ಪೂರ್ತಿ ವಾಲ್ಯೂಮ್ ಎರಡನ್ನೂ ಒಟ್ಟಿಗೆ ಹಾಕಬೇಡಿ. ದನಿ ಒಡೆದಂತೆ ಕೇಳಿಸಿದರೆ ಯಂತ್ರ ತನ್ನ ಶಕ್ತಿ ಮೀರಿ ಕೆಲಸ ಮಾಡುತ್ತಿದೆ ಎಂದರ್ಥ. ಹಾಗೇ ಬಿಟ್ಟರೆ ಮೊದಲು ಸುಟ್ಟುಹೋಗುವುದು ಸಾಮಾನ್ಯವಾಗಿ ಟ್ವೀಟರ್.

ಡಬ್ಬದ ಮೇಲೆ ದೊಡ್ಡದಾಗಿ ಬರೆದ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ) ವಾಟ್‌ಗಳಿಗೆ ಮರುಳಾಗಬೇಡಿ. ನೋಡಬೇಕಾದದ್ದು ಯಂತ್ರ ಸತತವಾಗಿ ಕೊಡಬಲ್ಲ ಆರ್‌ಎಂಎಸ್ ವಾಟ್. ದನಿ ಕಿವಿಗೆ ಎರಡರಷ್ಟು ಜೋರಾಗಿ ಕೇಳಿಸಬೇಕಾದರೆ ಸುಮಾರು ಹತ್ತರಷ್ಟು ವಾಟ್ ಬೇಕು. 20ರ ಬದಲು 40 ವಾಟಿನ ಸೆಟ್ ತಂದರೆ ದನಿ ಸ್ವಲ್ಪ ಮಾತ್ರ ಜೋರಾಗುತ್ತದೆ. ಸಾಧಾರಣ ಕೋಣೆಗೆ 20 ವಾಟೇ ಧಾರಾಳ.

ಸಿ.ಡಿ. ಇಟ್ಟುಕೊಂಡವರಿಗೆ

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಈಗಲೂ ಎಷ್ಟೋ ಮನೆಗಳ ಕಪಾಟಿನಲ್ಲಿದೆ. ಹೊಳೆಯುವ ಮೈ ಮಾತ್ರ ಜೋಪಾನ ಮಾಡಿದರೆ ಸಾಕು ಎಂದುಕೊಂಡು, ಹೆಸರು ಬರೆದ ಮೈ ಕೆಳಗೆ ಮಾಡಿ ಮೇಜಿನ ಮೇಲೆ ಇಡುವವರಿದ್ದಾರೆ. ನಿಜಕ್ಕೂ ಹಾಡು ಅಡಗಿರುವ ಪದರ ಇರುವುದು ಆ ಹೆಸರಿನ ಕೆಳಗೇ, ತೆಳ್ಳಗಿನ ಲೇಪದ ಹಿಂದೆ. ಹೊಳೆಯುವ ಕಡೆ ಒಂದು ಮಿಲಿಮೀಟರಿಗಿಂತ ದಪ್ಪದ ಪಾರದರ್ಶಕ ಪ್ಲಾಸ್ಟಿಕ್ ಕಾವಲಿದೆ. ಅಲ್ಲಿನ ಸಣ್ಣ ಗೀರು ಪರವಾಗಿಲ್ಲ. ಹೆಸರಿನ ಕಡೆ ಆಳವಾದ ಗೀರು ಬಿದ್ದರೆ ಹಾಡೇ ಹೋಯಿತು.

ಒರೆಸುವಾಗ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತಿ ಸುತ್ತಿ ಒರೆಸಬೇಡಿ. ಹಾಡಿನ ಜಾಡು ಸುತ್ತಲೂ ಹೋಗುವುದರಿಂದ ಸುತ್ತು ಗೀರು ಬಿದ್ದರೆ ಒಂದೇ ಜಾಡಿನ ಉದ್ದಕ್ಕೂ ಹಾಳು. ಅಡ್ಡ ಗೀರಾದರೆ ಪ್ರತಿ ಸುತ್ತಿನಲ್ಲಿ ಒಂದು ಚೂರು ಮಾತ್ರ ಹೋಗುತ್ತದೆ, ಅಷ್ಟನ್ನು ಯಂತ್ರ ತಾನೇ ತುಂಬಿಕೊಳ್ಳುತ್ತದೆ.

ಸೆಟ್ಟಿನ ಮೇಲೆ ಪುಸ್ತಕ, ಬಟ್ಟೆ, ಹೂದಾನಿ ಬೇಡ. ಮೇಲೂ ಹಿಂದೂ ಗಾಳಿಯಾಡಲು ಹತ್ತು ಸೆಂಟಿಮೀಟರ್ ಜಾಗ ಇರಲಿ. ಬೇರೆ ಕೋಣೆಗೋ ಬೇರೆ ಮನೆಗೋ ಸಾಗಿಸುವಾಗ ಮೊದಲು ಒಳಗಿನ ಸಿ.ಡಿ. ತೆಗೆಯಿರಿ, ಆಮೇಲೆ ಪ್ಲಗ್ ಕೀಳಿ, ಆಮೇಲೆ ಸ್ಪೀಕರ್ ವೈರು. ತಣ್ಣನೆಯ ಜಾಗದಿಂದ ಬೆಚ್ಚನೆಯ ಕೋಣೆಗೆ ತಂದಿದ್ದರೆ ಸಿ.ಡಿ. ಓದುವ ಲೆನ್ಸಿನ ಮೇಲೆ ಹನಿಗಟ್ಟಿರುತ್ತದೆ. ಒಂದೆರಡು ಗಂಟೆ ಬಿಟ್ಟು ಸಿ.ಡಿ. ಹಾಕಿ.