ಸಂಗಾತಿಯ ದೇಶದಲ್ಲಿ ನಿಮ್ಮ ವೃತ್ತಿ: ಪದವಿಗೆ ಮಾನ್ಯತೆ ಪಡೆಯುವುದು ಹೇಗೆ?

ಗಂಡ ಅಥವಾ ಹೆಂಡತಿ ನೆಲೆಸಿರುವ ದೇಶಕ್ಕೆ ಹೊರಟವರು, ವೀಸಾದಲ್ಲಿ ಕೆಲಸಕ್ಕೆ ಅನುಮತಿ ಇದ್ದರೆ ತಾವು ಕಲಿತ ವೃತ್ತಿಯನ್ನೇ ಅಲ್ಲಿಯೂ ಮುಂದುವರಿಸಬಹುದೆಂದು ನಂಬಿಬಿಡುತ್ತಾರೆ. ವೀಸಾ ಕೊಡುವುದು ದುಡಿಯುವ ಹಕ್ಕನ್ನು ಮಾತ್ರ; ವೈದ್ಯರಾಗಿಯೋ ದಾದಿಯಾಗಿಯೋ ದುಡಿಯುವ ಹಕ್ಕನ್ನು ಕೊಡಬೇಕಾದದ್ದು ಅಲ್ಲಿನ ವೃತ್ತಿ ಮಂಡಳಿ.

ಆದ್ದರಿಂದ ನಿಮ್ಮ ವೃತ್ತಿ ಆ ದೇಶದಲ್ಲಿ ಕಾನೂನಿನ ನಿಯಂತ್ರಣಕ್ಕೆ ಒಳಪಟ್ಟಿದೆಯೇ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ವೈದ್ಯಕೀಯ, ಶುಶ್ರೂಷೆ, ಔಷಧ ವಿತರಣೆ, ವಕೀಲಿಕೆಗಳಿಗೆ ಬಹುತೇಕ ಎಲ್ಲೆಡೆ ಪರವಾನಗಿ ಬೇಕು. ಸಾಫ್ಟ್‌ವೇರ್‌ನಂಥ ಕೆಲಸಗಳಿಗೆ ಸಾಮಾನ್ಯವಾಗಿ ಬೇಡ. ಅಲ್ಲಿ ಪದವಿಯನ್ನು ತೂಗಿ ನೋಡುವವರು ಉದ್ಯೋಗದಾತರೇ, ಅವರಿಗೆ ತೋರಿಸಲು, ನಿಮ್ಮ ಪದವಿ ಅಲ್ಲಿನ ಯಾವ ಪದವಿಗೆ ಸಮವೆಂದು ಹೇಳುವ ಮೌಲ್ಯಮಾಪನ ವರದಿಯೊಂದು ಇದ್ದರೆ ಅನುಕೂಲ. ಆದರೆ ಆ ವರದಿಯೇ ಪರವಾನಗಿಯಲ್ಲ. ಕೆನಡಾದ ವಲಸೆ ಅರ್ಜಿಗಾಗಿ ಮಾಡಿಸಿದ ಶೈಕ್ಷಣಿಕ ಮೌಲ್ಯಮಾಪನವನ್ನು ಹಿಡಿದು ಅಲ್ಲಿ ಶುಶ್ರೂಷಕಿಯಾಗಿ ಕೆಲಸಕ್ಕೆ ಸೇರಲಾಗದು.

ಬಳಿಕ ಅರ್ಜಿ ಸಲ್ಲಬೇಕಾದ ಕಚೇರಿ ಯಾವುದೆಂದು ಖಚಿತಪಡಿಸಿಕೊಳ್ಳಿ. ಆಸ್ಟ್ರೇಲಿಯಾದಲ್ಲಿ ಆರೋಗ್ಯ ವೃತ್ತಿಗಳ ನೋಂದಣಿ 2010ರಿಂದ ರಾಷ್ಟ್ರಮಟ್ಟದ ಒಂದೇ ವ್ಯವಸ್ಥೆಯಡಿ ನಡೆಯುತ್ತಿದೆ. ಅಮೆರಿಕದಲ್ಲಿ ಪರವಾನಗಿ ಕೊಡುವುದು ಆಯಾ ರಾಜ್ಯ, ಕೆನಡಾದಲ್ಲಿ ಆಯಾ ಪ್ರಾಂತ್ಯ. ಇಂಥ ದೇಶಗಳಲ್ಲಿ ಸಂಗಾತಿಯ ಉದ್ಯೋಗ ಮತ್ತೊಂದು ರಾಜ್ಯಕ್ಕೆ ಬದಲಾಗುವ ಸಂಭವವಿದ್ದರೆ ಅರ್ಜಿ ಹಾಕುವ ಮೊದಲೇ ಇಬ್ಬರೂ ಕುಳಿತು ಮಾತನಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕಟ್ಟಿದ ಶುಲ್ಕ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ.

ಹೆಚ್ಚು ಸಮಯ ಹಿಡಿಯುವುದು ದಾಖಲೆಗಳ ಕೆಲಸ, ಅದನ್ನು ಹೊರಡುವ ಮುನ್ನವೇ ಮುಗಿಸಬೇಕು. ಪದವಿ ಪ್ರಮಾಣಪತ್ರ ಮತ್ತು ಅಂಕಪಟ್ಟಿಗಳ ಜೊತೆಗೆ, ಪ್ರತಿ ವಿಷಯಕ್ಕೆ ಎಷ್ಟು ಗಂಟೆಗಳ ಪಾಠ, ಎಷ್ಟು ಗಂಟೆಗಳ ಪ್ರಾಯೋಗಿಕ ತರಬೇತಿ ನಡೆದಿತ್ತು ಎಂದು ತೋರಿಸುವ ಪಠ್ಯಕ್ರಮದ ವಿವರವನ್ನೂ ಹಲವು ಮಂಡಳಿಗಳು ಕೇಳುತ್ತವೆ. ಹತ್ತಾರು ವರ್ಷಗಳ ಹಿಂದಿನ ಪಠ್ಯಕ್ರಮವನ್ನು ಕಾಲೇಜಿನ ಹಳೆಯ ಕಡತಗಳಿಂದ ಹುಡುಕಿಸುವುದು ಎದುರಿಗೆ ನಿಂತು ಕೇಳಿದರೂ ಕಷ್ಟ. ದೂರದೇಶದಿಂದ ಮಿಂಚಂಚೆ ಕಳಿಸಿ ಮಾಡಿಸುವುದು ಇನ್ನೂ ಕಷ್ಟ. ಕೆಲವು ಸಂಸ್ಥೆಗಳು ಅಂಕಪಟ್ಟಿಯನ್ನು ಅಭ್ಯರ್ಥಿಯ ಕೈಯಿಂದ ಸ್ವೀಕರಿಸುವುದೇ ಇಲ್ಲ, ವಿಶ್ವವಿದ್ಯಾಲಯವೇ ಮೊಹರು ಮಾಡಿದ ಲಕೋಟೆಯಲ್ಲಿ ನೇರವಾಗಿ ಕಳಿಸಬೇಕು. 1961ರ ಹೇಗ್ ಒಪ್ಪಂದ ಎರಡೂ ದೇಶಗಳ ನಡುವೆ ಜಾರಿಯಲ್ಲಿದ್ದರೆ ದಾಖಲೆಗಳ ದೃಢೀಕರಣಕ್ಕೆ ತವರಿನ ಸರ್ಕಾರ ಹಾಕುವ ಅಪೊಸ್ಟಿಲ್ ಎಂಬ ಮುದ್ರೆ ಸಾಕಾಗುತ್ತದೆ, ಇಲ್ಲವಾದರೆ ರಾಯಭಾರ ಕಚೇರಿಗೆ ಅಲೆಯಬೇಕು. ಮದುವೆಯ ನಂತರ ಹೆಸರು ಬದಲಾಗಿದ್ದರೆ ವಿವಾಹ ಪ್ರಮಾಣಪತ್ರಕ್ಕೂ ಅದೇ ಮುದ್ರೆ ಹಾಕಿಸಿ. ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಪದವಿಯಲ್ಲಿ ಇನ್ನೊಂದು ಇರುವುದರಿಂದಲೇ ಎಷ್ಟೋ ಅರ್ಜಿಗಳು ನಿಂತುಹೋಗುತ್ತವೆ.

ಎಲ್ಲವನ್ನೂ ಒಟ್ಟಿಗೆ ಮಾಡಿಸಿಕೊಳ್ಳಬಾರದು ಎಂಬುದೂ ನೆನಪಿರಲಿ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯ ಫಲಿತಾಂಶಕ್ಕೆ ಸಾಮಾನ್ಯವಾಗಿ 2 ವರ್ಷಗಳ ಮಾನ್ಯತೆ ಇದ್ದರೆ, ನಿಮ್ಮ ಮೇಲೆ ಶಿಸ್ತುಕ್ರಮವೇನೂ ಇಲ್ಲವೆಂದು ತವರಿನ ಮಂಡಳಿ ಕೊಡುವ ಸನ್ನಡತೆಯ ಪತ್ರ ಕೆಲವೇ ತಿಂಗಳಲ್ಲಿ ಹಳತಾಗುತ್ತದೆ, ಹಾಗಾಗಿ ಅದನ್ನು ಕೊನೆಗೆ ಪಡೆಯಿರಿ. ಜರ್ಮನಿಯಂಥ ದೇಶಕ್ಕೆ ಹೋಗುವವರಿಗೆ ಭಾಷಾ ಕಲಿಕೆಯೇ ದೀರ್ಘವಾದ ಹಂತ.

ಉತ್ತರ ಯಾವಾಗಲೂ ‘ಹೌದು’ ಅಥವಾ ‘ಇಲ್ಲ’ ಎಂದಷ್ಟೇ ಇರುವುದಿಲ್ಲ. 2012ರಲ್ಲಿ ಜಾರಿಗೆ ಬಂದ ಜರ್ಮನಿಯ ಮಾನ್ಯತಾ ಕಾನೂನಿನಡಿ, ನಿಮ್ಮ ತರಬೇತಿಯನ್ನು ಅಲ್ಲಿನದರೊಂದಿಗೆ ಹೋಲಿಸಿ ಕೊರತೆಯಿರುವ ಭಾಗವನ್ನು ಲಿಖಿತವಾಗಿ ತಿಳಿಸಲಾಗುತ್ತದೆ. ಶುಶ್ರೂಷಕಿಯರು ಅದನ್ನು ಹೊಂದಾಣಿಕೆ ತರಬೇತಿಯಿಂದ ಇಲ್ಲವೇ ಪರೀಕ್ಷೆಯಿಂದ ತುಂಬಿಕೊಳ್ಳಬಹುದು. ಅರ್ಜಿ ಪೂರ್ತಿ ತಿರಸ್ಕೃತವಾದರೆ, ಪತ್ರದಲ್ಲಿ ಕಾರಣಕ್ಕಿಂತ ಮೊದಲು ಮೇಲ್ಮನವಿಯ ಕೊನೆಯ ದಿನಾಂಕವನ್ನು ಹುಡುಕಿ ಬರೆದಿಟ್ಟುಕೊಳ್ಳಿ.